ಮಂಗಳವಾರದಾಂವ

ಇರಕಲ್ಲಗಡದ ನಮ್ಮ ಬ್ಯಾಂಡ್ ಸೆಟ್ಟಿನಲ್ಲಿ ನಾನು ಕ್ಲಾರಿನೆಟ್ ಊದುತ್ತಿದ್ದೆ, ಗಾಳೆಪ್ಪ ಬೆಂಜೋ ನುಡಿಸುತ್ತಿದ್ದ. ಮದುವೆ ಮೆರವಣಿಗೆಯಲ್ಲಿ ನಡೆದವರಿಗೆ ಇಷ್ಟು ಹೇಳಿದರೆ ಸಾಕು, ನನಗೆ ಅವನ ಮೇಲೆ ಯಾಕೆ ಸಿಟ್ಟು ಅಂತ ತಿಳಿಯುತ್ತದೆ. ಕ್ಲಾರಿನೆಟ್ಟಿಗೆ ಮನುಷ್ಯನ ಉಸಿರು ಬೇಕು. ಅವನ ಬೆಂಜೋಗೆ ಕಾರಿನ ಬ್ಯಾಟರಿ ಸಾಕು. ನಾನು ಕರುಳು ಬಾಯಿಗೆ ಬರುವಂತೆ ಊದಿದ್ದನ್ನು ಅವನು ಒಂದು ಬೆರಳಿನಿಂದ ಮುಳುಗಿಸಿ, ನನ್ನ ಕಡೆ ತಿರುಗಿ ನಗುತ್ತಿದ್ದ. ಹಾಗಾಗಿ ಗಾಳೆಪ್ಪನ ಬಗ್ಗೆ ನಾನು ಏನಾದರೂ ಒಳ್ಳೆಯ ಮಾತು ಆಡಿದರೆ ಕಣ್ಣು ಮುಚ್ಚಿ ನಂಬಿರಿ. ಅದು ನನ್ನ ಬಾಯಿಂದ ಸುಮ್ಮನೆ ಬಂದದ್ದಲ್ಲ.

ಅವನದು ಒಕ್ಕಲುತನದ ಮನೆ. ತಂದೆ ಬೇಗ ತೀರಿಕೊಂಡಿದ್ದ. ತಾಯಿ ಮುದಕಮ್ಮ ಒಬ್ಬಳೇ ಹೊಲ ನೋಡಿಕೊಂಡು, ಒಂದು ಜೋಡಿ ಹೋರಿಗರುಗಳನ್ನು ಕೈತುತ್ತು ಕೊಟ್ಟು ಬೆಳೆಸಿ, ಊರಿನವರು ನಿಂತು ನೋಡುವಂಥ ಎತ್ತು ಮಾಡಿದ್ದಳು. ಎಪ್ಪತ್ತಾರರ ಸುಮಾರಿಗೆ ಗಾಳೆಪ್ಪ ಆ ಜೋಡಿಯನ್ನು ಯಾರಿಗೂ ಹೇಳದೆ ಕುಷ್ಟಗಿ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದ. ಅಲ್ಲಿಂದ ಹಾಗೇ ಹುಬ್ಬಳ್ಳಿಗೆ ಹೋಗಿ ಕರೆಂಟಿನ ಬೆಂಜೋ ತಂದ. ಟೈಪ್ ಮಷೀನಿನ ಹಾಗೆ ಗುಂಡಿಗಳಿರುವ ತಂತಿವಾದ್ಯ ಅದು. ಜೊತೆಗೊಂದು ಆಂಪ್ಲಿಫೈಯರ್.

ಮುದಕಮ್ಮ ಅಳಲಿಲ್ಲ, ಬಯ್ಯಲಿಲ್ಲ. ಮಗ ಜಗಲಿಯ ಮೇಲೆ ಇಟ್ಟ ಬೆಂಜೋವನ್ನು ಸುತ್ತು ಹಾಕಿ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಬುಟ್ಟಿ ಜೋಳದ ಮೇವು ತಂದು ಅದರ ಮುಂದೆ ಸುರಿದಳು. ಒಂದು ಬಕೆಟ್ ನೀರನ್ನೂ ತಂದಿಟ್ಟಳು.

“ತಿನ್ನಪಾ, ಹೊಟ್ಟಿ ತುಂಬ ತಿನ್ನು. ಮುಂಜಾನೆದ್ದು ಹೊಲಾ ಹೂಡೂದೈತಿ ನಿನಗ” ಎಂದಳು, ಬೆಂಜೋಗೆ.

ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಕೇಳಿದ್ದೆ. ಕಿನ್ನರಿಯ ಮುಂದೆ ಮೇವು ಹಾಕಿದ್ದನ್ನು ನೋಡಿದ್ದು ಅದೇ ಮೊದಲು. ಅವತ್ತಿನಿಂದ ಅವಳು ಮಗನ ಜೊತೆ ಮಾತು ಬಿಟ್ಟಳು. ಬಿಟ್ಟಳು ಅಂದರೆ ಪೂರ್ತಿ. ಅವನು ಎದುರಿಗೇ ಕೂತಿದ್ದರೂ ಸೊಸೆಯನ್ನು ಕರೆದು, “ಹುಲಗೀ, ನಿನ್ನ ಗಂಡಗ ಹೇಳು, ಕಾಲ ಮ್ಯಾಲ ಇರುವಿ ಏರಾಕತ್ತಾವಂತ” ಅನ್ನುವಳು. ಅವನೂ ಹುಲಗೆಮ್ಮನ ಮುಖ ನೋಡಿ, “ಝಾಡಿಸಿಕೊಂಡೆ ಅನ್ನು” ಅನ್ನುವನು. ಹುಲಗೆಮ್ಮ ಮೊದಮೊದಲು ಅತ್ತ ಇತ್ತ ತಿರುಗಿ ಎರಡೂ ಮಾತನ್ನು ದಾಟಿಸುತ್ತಿದ್ದಳು. ಆಮೇಲೆ ಬೇಸತ್ತು, ನಡುವೆ ಸುಮ್ಮನೆ ನಿಂತುಕೊಳ್ಳುವುದನ್ನು ಕಲಿತಳು. ಅವರಿಬ್ಬರಿಗೂ ಅಷ್ಟು ಸಾಕಾಗಿತ್ತು.

ಹುಲಗೆಮ್ಮ ಸಿದ್ದಾಪುರದವಳು, ಕಾಲುವೆ ನೀರಿನ ಸೀಮೆಯವಳು. ಭತ್ತ ಬೆಳೆಯುವ ಬೀಗರು ಮದುವೆಯಲ್ಲಿ ಅಳಿಯನಿಗೆ ಒಂದು ರೇಡಿಯೋ ಕೊಟ್ಟಿದ್ದರು. ಅದು ನಡುಮನೆಯ ಗೋಡೆಯ ಗೂಡಿನಲ್ಲಿ ಇತ್ತು. ಕೊಟ್ಟ ವರ್ಷವೇ ಅದರ ಸ್ಟೇಷನ್ ಬದಲಿಸುವ ಮುಳ್ಳಿನ ದಾರ ಹರಿದು, ಮುಳ್ಳು ಒಂದು ಕಡೆ ನಿಂತುಬಿಟ್ಟಿತು. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಯಂಕೋಬ ನೋಡಿ, “ಈ ದಾರ ಇಲ್ಲಿ ಸಿಗಂಗಿಲ್ರಿ, ಹುಬ್ಬಳ್ಳಿಯಿಂದ ಬರಬೇಕು” ಎಂದ. ಹುಬ್ಬಳ್ಳಿಯಿಂದ ಗಂಟೆಗೊಂದು ಲಾರಿ ಬರುತ್ತಿತ್ತು. ದಾರ ಮಾತ್ರ ಬರಲಿಲ್ಲ.

ಆದರೆ ಬೀಗರು ಕೊಟ್ಟದ್ದನ್ನು ಮೂಲೆಗೆ ಹಾಕಿದರೆ ಅವರಿಗೆ ಅವಮಾನ. ಹಾಗಂತ ಮುದಕಮ್ಮ ದಿನಾ ಸಂಜೆ ದೀಪ ಹಚ್ಚಿ, ಕೈ ಮುಗಿದು, ರೇಡಿಯೋ ಹಚ್ಚುವಳು. ಅದು ಸುಯ್ಯ್ ಅನ್ನುವುದು. ಸ್ವಲ್ಪ ಹೊತ್ತು ಆ ಸುಯ್ಯ್ ಕೇಳಿ ಬಂದ್ ಮಾಡುವಳು. ಪಕ್ಕದ ಮನೆಯ ಫಾತಿಮಾಬೀ ಒಮ್ಮೊಮ್ಮೆ ಬಂದು ಕೂತು ಕೇಳಿ, “ಇವತ್ತು ನಿನ್ನಿಗಿಂತ ಛಲೋ ಬಂತು ಬೇ” ಅಂತ ಹೇಳಿ ಹೋಗುತ್ತಿದ್ದಳು.

ಹೀಗಿರುವಾಗ ಒಂದು ಮಂಗಳವಾರ ಸಂಜೆ ಆ ಸುಯ್ಯ್ ಒಳಗಿಂದ ಒಬ್ಬ ಗಂಡಸು ಕಿಟಾರನೆ ಕಿರುಚಿದ. ಮುದಕಮ್ಮನ ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಬಿತ್ತು. ಕಿರುಚಿದವನು ಹಾಡತೊಡಗಿದ, ನಕ್ಕ, ಏನೋ ಇಂಗ್ಲಿಷಿನಲ್ಲಿ ಮಾತಾಡಿದ, ಮತ್ತೆ ಕಿರುಚಿದ. ಅರ್ಧ ತಾಸಾದ ಮೇಲೆ ಮತ್ತೆ ಸುಯ್ಯ್. ಮರುದಿನ ಇಲ್ಲ, ಅದರ ಮರುದಿನ ಇಲ್ಲ. ಮುಂದಿನ ಮಂಗಳವಾರ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮತ್ತೆ ಬಂದ.

ಮೂರನೆಯ ವಾರಕ್ಕೆ ಸಾಲಿಯ ಪಂಪಣ್ಣ ಮಾಸ್ತರನ್ನು ಕರೆಸಿದರು. ಊರಿನಲ್ಲಿ ಇಂಗ್ಲಿಷು ಅವರ ಸುಪರ್ದಿಯಲ್ಲಿತ್ತು. ಅವರು ರೇಡಿಯೋಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು.

“ಇದು ರಾಕ್ ಸಂಗೀತ ಬೇ. ಪರದೇಶದ್ದು. ಇಂವಾ ಅದರ ಹಾಡುಗಾರ. ವಾರಕ್ಕೊಮ್ಮೆ ಬಂದು ತಾನೂ ಹಾಡ್ತಾನ, ಬ್ಯಾರೆ ಮಂದಿ ಹಾಡಿನ ಪ್ಲೇಟೂ ಹಾಕ್ತಾನ, ನಡುವ ಮಾತಾಡ್ತಾನ.”

“ಏನಂತ ಮಾತಾಡ್ತಾನ್ರಿ?”

ಮಾಸ್ತರು ಬಹಳ ಹೊತ್ತು ಕೇಳಿದರು. “ಏನಿಲ್ಲ, ಯೋಗಕ್ಷೇಮ” ಎಂದರು.

“ಮತ್ಯಾಕ ಹಿಂಗ ಒದರ್ತಾನ?”

“ಅದ ರಾಕ್ ಬೇ. ಹಂಗ ಇರತೈತಿ.”

“ನುಡಸೂದು ಏನ್ರಿ ಅದು?”

“ಗಿಟಾರ. ಕರೆಂಟಿಂದು.”

ಕರೆಂಟು ಅಂದದ್ದೇ ತಡ, ಮುದಕಮ್ಮನಿಗೆ ಎಲ್ಲವೂ ತಿಳಿದುಹೋಯಿತು. ಆ ಹುಡುಗ ಯಾಕೆ ಕಿರುಚುತ್ತಾನೆ, ಅವನ ಮನೆಯಲ್ಲಿ ಏನು ನಡೆದಿದೆ, ಯಾವ ತಾಯಿ ಯಾವ ಮೂಲೆಯಲ್ಲಿ ಕೂತು ಹಣೆ ಬಡಿದುಕೊಳ್ಳುತ್ತಿದ್ದಾಳೆ, ಎಲ್ಲ. ಅವಳು ಹುಲಿಗಿಯ ಹುಲಿಗೆಮ್ಮ ದೇವಿಯ ಒಕ್ಕಲು. ಮಂಗಳವಾರ ವಾರ ಹಿಡಿದವಳು, ದೀಪ ಹಚ್ಚುವ ತನಕ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಅದೇ ಮಂಗಳವಾರ, ಅದೇ ಹೊತ್ತು ಅವನು ಬಂದು ಕಿರುಚುತ್ತಾನೆ ಅಂದರೆ ಅದು ಸುಮ್ಮನೆ ಅಲ್ಲ. ಆ ದೇವಿಯೇ ಕಳಿಸಿದ್ದು.

“ಅಲ್ಲಿ ಆ ಊರಾಗ ಅವನ ಅವ್ವ ಇರ್ತಾಳ, ಹುಲಗಿ” ಎಂದಳು ಸೊಸೆಗೆ. “ಅಕಿ ಮಗನ ಸಲುವಾಗಿ ನಾ ಉಪಾಸ ಮಾಡಿದ್ರ, ನನ್ನ ಮಗನ ಸಲುವಾಗಿ ಅಕಿ ಮಾಡ್ತಾಳ. ನನ್ನ ಮಗಗ ನಾನ ಮಾಡಾಕ ಬರಂಗಿಲ್ಲಲ್ಲ, ಮಾತು ಬಿಟ್ಟೀನಿ.”

ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಅಂತ ನಾನು ಇವತ್ತಿಗೂ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಅಲ್ಲಿಂದ ಮುಂದೆ ಅವಳ ವಾರ ದೀಪಕ್ಕೆ ಮುಗಿಯುತ್ತಿರಲಿಲ್ಲ, ಮಂಗಳವಾರದಾಂವ ಹಾಡಿ ಮುಗಿಸಿದ ಮೇಲೆ ಮುಗಿಯುತ್ತಿತ್ತು. ಅವನಿಗೆ ಊರಿನಲ್ಲಿ ಅದೇ ಹೆಸರಾಯಿತು, ಮಂಗಳವಾರದಾಂವ. ಅವನು ಕೊನೆಗೆ ಏನೋ ಅಂದು ನಕ್ಕಾಗ ಮುದಕಮ್ಮ ರೇಡಿಯೋದ ಮುಂದೆ ಒಂದು ರೊಟ್ಟಿ ಎಡೆ ಇಟ್ಟು, “ಮಲಕೋ ಮಗನ” ಅಂತ ಹೇಳಿ ಬಂದ್ ಮಾಡುವಳು. ಆಮೇಲೆ ತಾನು ಉಣ್ಣುವಳು. ಎಡೆಯ ರೊಟ್ಟಿಯನ್ನು ಹುಲಗೆಮ್ಮ ಒಯ್ದು ಗಂಡನಿಗೆ ಹಾಕುವಳು.

ಗಾಳೆಪ್ಪನ ಹೊಟ್ಟೆಯಲ್ಲಿ ಏನಾಗುತ್ತಿತ್ತು ಅಂತ ನನಗೆ ಗೊತ್ತು, ಯಾಕೆಂದರೆ ಅವನು ಬೇರೆ ಯಾರಿಗೂ ಹೇಳುತ್ತಿರಲಿಲ್ಲ. ಆ ಗಿಟಾರಿನ ಕೈ ಎಂಥದು ಅಂತ ಮನೆಯಲ್ಲಿ ತಿಳಿದವನು ಅವನೊಬ್ಬನೇ. ಮಂಗಳವಾರ ನಮ್ಮ ಕಡೆ ಮದುವೆ ಇಟ್ಟುಕೊಳ್ಳುವವರು ಕಡಿಮೆ, ಹಾಗಾಗಿ ಅವನು ಮನೆಯಲ್ಲೇ ಇದ್ದು, ಬಾಗಿಲಿಗೆ ಒರಗಿ ಕೇಳಿ, ಖಾಲಿ ಬಿದ್ದ ಎತ್ತಿನ ಕೊಟ್ಟಿಗೆಗೆ ಹೋಗಿ ಅದನ್ನೇ ಬೆಂಜೋದ ಮೇಲೆ ಹುಡುಕುತ್ತಿದ್ದ. ಒಳಗಿಂದ ಕೂಗು ಬರುವುದು: “ಹುಲಗೀ, ನಿನ್ನ ಗಂಡಗ ಆ ಸಪ್ಪಳ ನಿಲ್ಲಸು ಅನ್ನು. ಅಂವಾ ಹಾಡಾಕತ್ತಾನ.”

“ಹುಸೇನಣ್ಣಾ, ಯಾವನೋ ಪರದೇಶದಾಂವಗ ಮಗನ ಅಂತಾಳ” ಅಂದ ಒಮ್ಮೆ, ಯಲಬುರ್ಗಾದಿಂದ ಮದುವೆ ಮುಗಿಸಿ ಬರುವಾಗ. “ನಂದು ಒಂದು ಹಾಡು ಕೂತು ಕೇಳಿಲ್ಲ ಅಕಿ. ಒಂದ ಒಂದು. ಕೇಳಿ ಛಲೋ ಇಲ್ಲ ಅನ್ಲಿ, ನಡೀತೈತಿ.” ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದ. ನನಗೆ ಕನಿಕರ ಬಂತು. ಬರಬಾರದಿತ್ತು, ಅವತ್ತು ಮೆರವಣಿಗೆಯಲ್ಲಿ ನನ್ನನ್ನು ಪೂರ್ತಿ ಮುಳುಗಿಸಿದ್ದ.

ಎಂಬತ್ತರ ಬೇಸಿಗೆಯಲ್ಲಿ ಒಂದು ಮಂಗಳವಾರ ಮಂಗಳವಾರದಾಂವ ಬರಲಿಲ್ಲ. ಪರದೇಶದ ಸ್ಟೇಷನ್ನುಗಳು ಋತು ಬದಲಾದ ಹಾಗೆ ಜಾಗ ಬದಲಿಸುತ್ತವೆ ಅಂತ ಎಷ್ಟೋ ದಿನದ ಮೇಲೆ ಯಂಕೋಬ ಹೇಳಿದ. ಆದರೆ ನಮ್ಮ ಮುಳ್ಳು ನಿಂತಲ್ಲೇ ನಿಂತಿತ್ತು. ದೀಪ ಹಚ್ಚಿದಳು, ರೇಡಿಯೋ ಹಚ್ಚಿದಳು, ಸುಯ್ಯ್. ಮುದಕಮ್ಮ ಉಣ್ಣದೆ ಮಲಗಿದಳು.

ಬುಧವಾರ ಬೆಳಿಗ್ಗೆ ಹುಲಗೆಮ್ಮ ಚಹಾ ಕೊಟ್ಟರೆ ಮುಟ್ಟಲಿಲ್ಲ.

“ಮಂಗಳವಾರ ಮುಗೀತಲ್ರೀ ಅತ್ತಿ.”

“ಎಲ್ಲಿ ಮುಗದೈತಿ? ಅಂವಾ ಇನ್ನೂ ಹಾಡಿಲ್ಲ.”

ಹೀಗೆ ಆ ಮನೆಯಲ್ಲಿ ಮಂಗಳವಾರ ಮುಗಿಯದೆ ಹಾಗೇ ನಿಂತಿತು. ಕ್ಷೌರದವನು ಬಂದ, ಮಂಗಳವಾರ ಕ್ಷೌರ ಮಾಡಿಸಬಾರದು ಅಂತ ಹಿಂದಕ್ಕೆ ಕಳಿಸಿದಳು. ಫಾತಿಮಾಬೀ ಹಾಲಿಗೆ ಹೆಪ್ಪು ಕೇಳಲು ಬಂದಳು.

“ಮಂಗಳವಾರ ಹೆಪ್ಪು ಕೊಡೂದಿಲ್ಲವ್ವ.”

“ಇವತ್ತು ಬುಧವಾರ ಬೇ.”

“ನಿಮ್ಮ ಮನ್ಯಾಗ ಇರಬೇಕು.”

ಫಾತಿಮಾಬೀ ತನ್ನ ಮನೆಗೆ ಹೋಗಿ, ಅಲ್ಲಿ ಬುಧವಾರವೇ ಇದೆಯೋ ಅಂತ ಮೊದಲು ಗಂಡನನ್ನು ಕೇಳಿದಳಂತೆ. ಗುರುವಾರ ಬಂತು, ಓಣಿಗೆಲ್ಲ ಗುರುವಾರ, ಮುದಕಮ್ಮನಿಗೆ ಮಂಗಳವಾರ. ಅಷ್ಟರಲ್ಲಿ ಅವಳ ನಾಲಗೆ ಒಣಗಿ ಮಾತು ತೊದಲುತ್ತಿತ್ತು, ಎದ್ದರೆ ಗೋಡೆ ಹಿಡಿಯಬೇಕಿತ್ತು. ಊರ ಹಿರಿಯರು ಬಂದು ಹೇಳಿದರು, ಕೇಳಲಿಲ್ಲ. ಹುಲಗೆಮ್ಮ ಕಾಲು ಹಿಡಿದು ಅತ್ತಳು, ಕೇಳಲಿಲ್ಲ. “ನಾ ಇಲ್ಲಿ ಬಾಯಿಗೆ ಹಾಕಿಕೊಂಡ್ರ ಅಕಿ ಅಲ್ಲಿ ಹಾಕ್ಕೋತಾಳ. ನನ್ನ ಮಗಗ ಯಾರದಾರ?” ಅಂದಳು. ಆ ಮಗ ಕಾಲ ಹತ್ತಿರವೇ ಕೂತಿದ್ದ.

ಗಾಳೆಪ್ಪ ನನ್ನ ಮನೆಗೆ ಓಡಿ ಬಂದ. ಕಣ್ಣಲ್ಲಿ ನೀರು. “ಅವ್ವ ಹೋಗಿಬಿಡ್ತಾಳ, ಹುಸೇನಣ್ಣ.” ಇಬ್ಬರೂ ಯಂಕೋಬನನ್ನು ಅಂಗಡಿಯಿಂದ ಎಳೆದು ತಂದೆವು. ಯಂಕೋಬ ರೇಡಿಯೋ ಬಿಚ್ಚಿ, ಹುಲಗೆಮ್ಮನ ಹೊಲಿಗೆಯ ದಾರವನ್ನೇ ಕೇಳಿ ತಗೊಂಡು, ಕ್ಷಣದಲ್ಲಿ ಕಟ್ಟಿ ಮುಳ್ಳು ಸರಿಸಿದ. ಇಷ್ಟು ವರ್ಷ ಹುಬ್ಬಳ್ಳಿಯಿಂದ ಬರಬೇಕಿದ್ದ ದಾರ ಅದು. ಅವನಿಗೆ ಒಂದು ಬಾರಿಸಬೇಕು ಅನ್ನಿಸಿತು, ಆದರೆ ಹೊತ್ತು ಅದಲ್ಲ. ಮುಳ್ಳನ್ನು ಆ ತುದಿಯಿಂದ ಈ ತುದಿಗೆ ಓಡಿಸಿದೆವು. ಕನ್ನಡ ಬಂತು, ತೆಲುಗು ಬಂತು, ಉರ್ದು ಬಂತು, ಕೃಷಿಕರಿಗೆ ಸಲಹೆ ಬಂತು. ಮಂಗಳವಾರದಾಂವ ಬರಲಿಲ್ಲ.

“ಯಂಕೋಬಣ್ಣಾ” ಎಂದ ಗಾಳೆಪ್ಪ. “ಬೆಂಜೋದ ವಾಯರು ಈ ರೇಡಿಯೋದ ಸ್ಪೀಕರಿಗೆ ಕೊಡಾಕ ಬರತೈತೇನು?”

ರೇಡಿಯೋ ಇದ್ದ ಗೂಡಿನ ಬೆನ್ನಿಗೇ ಎತ್ತಿನ ಕೊಟ್ಟಿಗೆ. ಮುದಕಮ್ಮ ನಿತ್ರಾಣದಿಂದ ಕಣ್ಣು ಮುಚ್ಚಿದ್ದಾಗ, ಯಂಕೋಬ ಮಣ್ಣಿನ ಗೋಡೆಯಲ್ಲಿ ಬೆರಳು ಹಿಡಿಯುವಷ್ಟು ತೂತು ಕೊರೆದು ವಾಯರು ಎಳೆದ. ಆಂಪ್ಲಿಫೈಯರ್, ಬ್ಯಾಟರಿ, ಮೈಕು ಎಲ್ಲ ಕೊಟ್ಟಿಗೆ ಸೇರಿದವು. ನನಗೆ ಒಂದು ಖಾಲಿ ಸೀಮೆಎಣ್ಣೆ ಡಬ್ಬಿ ಕೊಟ್ಟು ಬಡಿ ಎಂದರು. ಕ್ಲಾರಿನೆಟ್ ವಿದ್ವಾಂಸನ ಕೈಗೆ ಡಬ್ಬಿ! ಬಡಿದೆ. ಮುದುಕಿ ಬದುಕಬೇಕಿತ್ತು.

ಹಾಡು ಗಾಳೆಪ್ಪನಿಗೆ ಬರುತ್ತಿತ್ತು. ತೊಂದರೆ ಇದ್ದದ್ದು ನಡುವಿನ ಇಂಗ್ಲಿಷ್ ಮಾತಿನದು. ಅವನು ಓದಿದ್ದು ಏಳನೇ ಇಯತ್ತೆ. ದೀಪ ಹಚ್ಚಿದ್ದು ತೂತಿನಿಂದ ಕಂಡಿತು, ರೇಡಿಯೋದ ಗುಂಡಿ ತಿರುವಿದ್ದು ಕೇಳಿಸಿತು. ಗಾಳೆಪ್ಪ ಮೈಕಿಗೆ ಬಾಯಿ ಹಚ್ಚಿ, ಮಂಗಳವಾರದಾಂವನ ಗತ್ತಿನಲ್ಲೇ, ಉಸಿರು ಎಳೆದೆಳೆದು ಹೇಳಿದ: “ಯೂರಿಯಾ... ಸೂಪರ್ ಫಾಸ್ಫೇಟ್... ಓ ಎಂಡ್ರಿನ್! ಕ್ಲಚ್, ಗೇರ್, ಡಿಫರೆನ್ಶಿಯಲ್... ಥ್ರೀ ಫೇಸ್ ಪಂಪ್‌ಸೆಟ್, ಹಾರ್ಸ್ ಪವರ್, ಹಹ್ಹಹ್ಹಾ!” ಆಮೇಲೆ ಕಿರುಚಿದ. ಆ ಕಿರುಚಾಟ ಅವನು ಎಲ್ಲಿಂದಲೂ ಕಲಿಯಬೇಕಾಗಿರಲಿಲ್ಲ. ಎಷ್ಟೋ ವರ್ಷದಿಂದ ಒಳಗೆ ಇಟ್ಟುಕೊಂಡದ್ದು, ಬಾಗಿಲು ತೆಗೆದ ಕೂಡಲೇ ಬಂತು. ಬೆಂಜೋ ಆ ಹಳೆಯ ರೇಡಿಯೋದ ಸಣ್ಣ ಸ್ಪೀಕರಿನಲ್ಲಿ ಸಿಕ್ಕಿಕೊಂಡು ಬಿರಿದು, ಹರಿದು, ಥೇಟ್ ಪರದೇಶವೇ ಆಗಿ ಹೊರಗೆ ಬಂತು.

ಮುಗಿದಾಗ ತೂತಿನಿಂದ ಮುದಕಮ್ಮನ ಸಣ್ಣ ದನಿ ಕೇಳಿಸಿತು.

“ಬಂದ್ಯಾ? ಇವತ್ತ ಭಾಳ ಹತ್ತರ ಬಂದಿ ನೋಡು.” ಆಮೇಲೆ, “ಮಲಕೋ ಮಗನ.”

ಗಾಳೆಪ್ಪ ಕೈಯನ್ನು ತಂತಿಗಳ ಮೇಲೆ ಇಟ್ಟು ಹಾಗೇ ಕೂತ. ನಾಲ್ಕು ವರ್ಷದಲ್ಲಿ ಅವಳು ಅವನಿಗೆ ಆ ಮಾತು ಹೇಳಿರಲಿಲ್ಲ; ಈಗ ಹೇಳಿದ್ದೂ ಇನ್ನೊಬ್ಬನ ಲೆಕ್ಕಕ್ಕೆ. ಒಳಗೆ ತಾಟಿನ ಸಪ್ಪಳ ಆಯಿತು. “ಹುಲಗೀ, ಇವತ್ತು ಯಾವ ವಾರ?” ಅನ್ನುತ್ತಿದ್ದಳು ರೊಟ್ಟಿ ಮುರಿಯುತ್ತ. “ಬೇಸ್ತವಾರ ರೀ ಅತ್ತಿ.” “ಹೌದನು? ಹೊತ್ತು ಹೋಗಿದ್ದ ಗೊತ್ತಾಗಲಿಲ್ಲ ನೋಡು.”

ಒಂದು ಸಲ ಮಾಡಿದರೆ ಮುಗಿಯಿತು ಅಂದುಕೊಂಡಿದ್ದೆವು. ಮಂಗಳವಾರ ವಾರಕ್ಕೊಮ್ಮೆ ಬರುತ್ತದೆ ಅನ್ನುವುದನ್ನು ಮೂವರೂ ಮರೆತಿದ್ದೆವು.

ಹೀಗೆ ಇರಕಲ್ಲಗಡದ ಎತ್ತಿನ ಕೊಟ್ಟಿಗೆಯಿಂದ ವಾರಕ್ಕೊಂದು ರಾಕ್ ಸಂಗೀತದ ಕಾರ್ಯಕ್ರಮ ಶುರುವಾಯಿತು. ಕೇಳುವವರು ಹೆಚ್ಚಾದರು. ಈಗ ದನಿ ಸ್ಪಷ್ಟ ಬರುತ್ತದೆ ಅಂತ ಓಣಿಯವರೆಲ್ಲ ನಡುಮನೆಯಲ್ಲಿ ಜಮಾಯಿಸುವರು. ಪಂಪಣ್ಣ ಮಾಸ್ತರು ಮುಂದೆ ಕೂತು ಅರ್ಥ ಹೇಳುವರು. ಗಾಳೆಪ್ಪ “ಡಿಫರೆನ್ಶಿಯಲ್” ಅಂದಾಗ, “ಸಮುದ್ರದ ವರ್ಣನಾ ಮಾಡಾಕತ್ತಾನ” ಅನ್ನುವರು. ಫಾತಿಮಾಬೀಗೆ ಮಾತ್ರ ಒಂದು ಸಂಶಯ ಬಂದು, “ಅವರ ದೇಶದಾಗೂ ಯೂರಿಯಾ ಹಾಕ್ತಾರೇನ್ರಿ?” ಅಂತ ಕೇಳಿದಳು. ಎಲ್ಲಾ ದೇಶದಲ್ಲೂ ಹಾಕುತ್ತಾರೆ ಅಂದರು ಮಾಸ್ತರು. ಅದೇನೋ ಸುಳ್ಳಲ್ಲ.

ಡಬ್ಬಿ ಬಡಿದು ಬಡಿದು ನನಗೆ ನಾಚಿಕೆಯಾಗಿ, ಒಂದು ವಾರ ಹಟ ಮಾಡಿ ಕ್ಲಾರಿನೆಟ್ ಊದಿದೆ. ಜೀವ ಬಿಟ್ಟು ಊದಿದೆ. ತೂತಿನಿಂದ ಮುದಕಮ್ಮನ ಮಾತು ಬಂತು: “ಯಾವನೋ ಅಳಾಕತ್ತಾನಲ್ಲೊ ಒಳಗ. ಅವನ್ನ ಮನಿಗಿ ಕಳಸು, ಮಗನ.” ಗಾಳೆಪ್ಪ ಬಾಯಿಗೆ ಅಂಗಿಯ ತೋಳು ತುರುಕಿಕೊಂಡು ನಕ್ಕ. ನಾನು ಡಬ್ಬಿಗೆ ಮರಳಿದೆ. ಆ ಸಿಟ್ಟು ಇನ್ನೂ ಹೋಗಿಲ್ಲ.

ಎರಡು ವರ್ಷ ಕಳೆದಿತ್ತೇನೋ, ಒಂದು ಭಾನುವಾರ ಮಧ್ಯಾಹ್ನ ಯಂಕೋಬ ತನ್ನ ಅಂಗಡಿಯ ಟ್ರಾನ್ಸಿಸ್ಟರನ್ನು ಎದೆಗೆ ಅವಚಿಕೊಂಡು ಓಡುತ್ತ ಬಂದ. “ಸಿಕ್ಕ! ಖರೇ ಮಂಗಳವಾರದಾಂವ ಸಿಕ್ಕ! ಈಗ ಐತವಾರ ಬರಾಕತ್ತಾನ!” ಹೌದು, ಅವನೇ. ಅದೇ ನಗು, ಅದೇ ಗಿಟಾರು. ನನಗೆ ಬಿಡುಗಡೆಯಾಯಿತು ಅನ್ನಿಸಿತು. ಗಾಳೆಪ್ಪನ ಮುಖ ಮಾತ್ರ ಸಣ್ಣದಾಯಿತು. ಅವನನ್ನೂ ಎಳೆದುಕೊಂಡು ಹೋಗಿ ಟ್ರಾನ್ಸಿಸ್ಟರನ್ನು ಮುದಕಮ್ಮನ ಮುಂದೆ ಇಟ್ಟೆವು.

ಅವಳು ಕೂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಪೂರ್ತಿ ಕೇಳಿದಳು. “ಯಾರಿಂವಾ?” ಎಂದಳು.

“ಮಂಗಳವಾರದಾಂವ ಬೇ!”

“ಏನ್ ಹೇಳ್ತಿ? ಇಂವಾ ಬ್ಯಾರೆ ಯಾವನೋ. ಪಾಪ, ಛಲೋ ಹಾಡ್ತಾನ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮಾಂವನ ಕೈಯಾಗಿನ ಗುಣ ಇವಗ ಎಲ್ಲಿ ಬರಬೇಕು?”

ಗಾಳೆಪ್ಪ ಬಾಗಿಲಲ್ಲೇ ನಿಂತು ಕೇಳಿದ. ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲವಂತೆ. ಮರುದಿನ ಬೆಳಿಗ್ಗೆ ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡು, ಹಿತ್ತಾಳೆ ಗುಂಡಿಗಳನ್ನೆಲ್ಲ ಹಾಕಿ, ಬೆಂಜೋವನ್ನು ತಂದು ನಡುಮನೆಯಲ್ಲಿ ತಾಯಿಯ ಎದುರಿಗೇ ಇಟ್ಟು ಕೂತ. ಮಂಗಳವಾರ ನುಡಿಸುವುದನ್ನೇ ನುಡಿಸಿದ, ಒಂದು ಸ್ವರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಅಲ್ಲೇ ಇದ್ದೆ. ಅಷ್ಟು ಚೆನ್ನಾಗಿ ಅವನು ಯಾವತ್ತೂ ನುಡಿಸಿರಲಿಲ್ಲ. ಇದು ಕ್ಲಾರಿನೆಟ್ಟಿನವನ ಮಾತು.

ಮುದಕಮ್ಮ ಅಕ್ಕಿಯಲ್ಲಿನ ಕಲ್ಲು ಆರಿಸುತ್ತ ಕೇಳಿದಳು. ಮುಗಿದ ಮೇಲೆ ಮೊರ ಕೆಳಗಿಟ್ಟಳು.

“ಹುಲಗೀ, ನಿನ್ನ ಗಂಡಗ ಹೇಳು. ಅಡ್ಡಿಯಿಲ್ಲ, ಕೈ ತಿರಗಾಕತ್ತೈತಿ. ಆದ್ರ ಮಂಗಳವಾರದಾಂವನ ಕಡೆ ಹೋಗಿ ನಾಕ ದಿನ ಕಲತು ಬಾ ಅಂತ ಹೇಳು.”

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಅದೇ ಗಿಡ ಹಿತ್ತಲಿನಿಂದ ವಾಯರಿನಲ್ಲಿ ಬಂದರೆ ಮದ್ದು, ಮುಂದಿನ ಬಾಗಿಲಿನಿಂದ ಬಂದರೆ ಹುಲ್ಲು. ಗಾಳೆಪ್ಪ ಕೋಟು ಬಿಚ್ಚಿ ಬಿಸಾಡಿ ನನ್ನ ಹತ್ತಿರ ಬಂದು ಕೂತ.

“ಇನ್ನ ನಾ ಒಲ್ಲೆ. ಈ ಮಂಗಳವಾರದಿಂದ ಬಂದ್.”

“ಹಂಗಾದ್ರ ಹೇಳಿಬಿಡು. ಅಂವಾ ನಾನ ಬೇ ಅಂತ ಹೇಳು.”

“ಹೇಳಿದ್ರ ಅಕಿ ಉಣ್ಣಂಗಿಲ್ಲ. ಇಷ್ಟು ದಿನ ಉಂಡಿದ್ದೆಲ್ಲ ಮೋಸದ್ದು ಅಂತಾಳ. ಆ ಅವ್ವನ ಲೆಕ್ಕಕ್ಕ ಮತ್ತ ಉಪಾಸ ಕೂಡ್ತಾಳ.” ತಲೆ ಮೇಲೆ ಕೈ ಹೊತ್ತ. “ಹೇಳದಿದ್ರ ನಾ ಸಾಯೂತನಕ ಅವನಿಗಿಂತ ಕಡಿಮಿ. ಅಂವಾ ಅಂದ್ರ ಯಾರು? ನಾನ. ನನಗಿಂತ ನಾನ ಕಡಿಮಿ ಅಂದ್ರ ಯಾರ ಕಡೆ ಹೋಗಿ ಅಳಬೇಕಣ್ಣಾ?”

ನಗು ತಡೆಯಲಾಗಲಿಲ್ಲ, ನಕ್ಕೆ. ಅವನು ನಗಲಿಲ್ಲ. ಮಂಗಳವಾರ ದೀಪ ಹಚ್ಚುವ ಹೊತ್ತಿಗೆ ಮಾತ್ರ ಕೊಟ್ಟಿಗೆಯಲ್ಲಿ ಇದ್ದ.

ಅವತ್ತು ಸಿಟ್ಟಿನಲ್ಲೋ ದುಃಖದಲ್ಲೋ ಬಹಳ ಹೊತ್ತು ನುಡಿಸಿದ. ಕೊನೆಗೆ ದಣಿದು ಕಣ್ಣು ಮುಚ್ಚಿ ಗೋಡೆಗೆ ಒರಗಿದ. ಮೈಕು ಹಾಗೇ ತೆರೆದಿತ್ತು.

“ಮಲಕೋ ಮಗನ” ಎಂದಳು ಮುದಕಮ್ಮ, ಎಂದಿನಂತೆ.

“ಹೂಂ ಯವ್ವಾ” ಎಂದ ಗಾಳೆಪ್ಪ.

ಗೋಡೆಯ ಆಚೆ ಒಂದು ಸಪ್ಪಳವಿಲ್ಲ. ಅಷ್ಟು ಮಂದಿ ಕೂತಿದ್ದಾರೆ, ಯಾರೂ ಉಸಿರಾಡುತ್ತಿಲ್ಲ. ಗಾಳೆಪ್ಪ ಕಣ್ಣು ತೆರೆದು ನನ್ನನ್ನು ನೋಡಿದ. ನಾನು ಡಬ್ಬಿಯನ್ನು ಹಿಡಿದುಕೊಂಡು, ಈಗ ಬಡಿಯಬೇಕೋ ಓಡಬೇಕೋ ಅಂತ ಯೋಚಿಸುತ್ತಿದ್ದೆ.

“ಕೇಳಿದ್ರಿ?” ಎಂದಳು ಮುದಕಮ್ಮ ಜನರ ಕಡೆ ತಿರುಗಿ. “ಕನ್ನಡ ಕಲತಾನ.”

“ಹೌದ್ರಿ, ಜಾಣ ಅದಾನ” ಎಂದರು ಪಂಪಣ್ಣ ಮಾಸ್ತರು. “ಇಷ್ಟು ವರ್ಷ ನಮ್ಮ ಕೂಡ ಬಳಕಿ ಮಾಡಿ ಕಲೀಲಿಲ್ಲಂದ್ರ ಹೆಂಗ?”

ಅಲ್ಲಿಂದ ಮುಂದೆ ಹಾಡು ಮುಗಿದ ಮೇಲೆ ಇಬ್ಬರೂ ಮಾತಾಡತೊಡಗಿದರು, ಮುದಕಮ್ಮ ಮತ್ತು ರೇಡಿಯೋ. “ಉಂಡಿ?” ಅನ್ನುವಳು. “ಇಲ್ಲ ಬೇ, ಇನ್ನ ಉಣಬೇಕು” ಅನ್ನುವನು. “ನಿಮ್ಮ ಕಡೆ ಮಳಿ ಹೆಂಗ?” “ನಿಮ್ಮಷ್ಟ ಬೇ.” ಓಣಿಯವರು ಇದನ್ನು ಒಪ್ಪಿಕೊಂಡುಬಿಟ್ಟರು. ಇದರಲ್ಲಿ ಯಾರಿಗೆ ಎಷ್ಟು ಗೊತ್ತಿತ್ತು ಅಂತ ನಾನು ಕೇಳಲು ಹೋಗಲಿಲ್ಲ. ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ.

ಎಂಬತ್ಮೂರರ ಒಂದು ಮಂಗಳವಾರ ಮಾತು ಹೀಗೇ ನಡೆದಿತ್ತು. ಮುದಕಮ್ಮ ಒಮ್ಮೆಲೇ ಕೇಳಿದಳು:

“ಅಲ್ಲೊ, ನಿಮ್ಮವ್ವ ಹೆಂಗದಾಳ? ಒಂದ ದಿನಾನೂ ಹೇಳಲಿಲ್ಲಲ್ಲ ನೀನು.”

“ಅದಾಳ ಬೇ.”

“ಮಾತಾಡ್ತಾಳ ನಿನ್ನ ಕೂಡ?”

ಗಾಳೆಪ್ಪ ಮೈಕಿನ ಮೇಲೆ ಕೈ ಇಟ್ಟ, ಮತ್ತೆ ತೆಗೆದ. “ಇಲ್ಲ ಬೇ. ಭಾಳ ವರ್ಷ ಆತು.”

“ತಪ್ಪು ಯಾರದು?”

“ನಂದ ಬೇ.”

ಗೋಡೆಯ ಆಚೆ ಬಳೆಯ ಸಪ್ಪಳವಾಯಿತು. ಸೆರಗು ಸರಿಮಾಡಿಕೊಂಡಿರಬೇಕು.

“ಸಿಟ್ಟು ಬರತೈತಿ, ಮಗನ. ಹೇಳದ ಕೇಳದ ಎತ್ತು ಮಾರಿದ್ರ ಯಾ ಅವ್ವಗಾದ್ರೂ ಸಿಟ್ಟು ಬರತೈತಿ. ನೀ ಅದನ್ನ ಮನಸಿಗಿ ಹಚ್ಚಿಕೋಬ್ಯಾಡ. ನುಡಸೂದು ಮಾತ್ರ ಬಿಡಬ್ಯಾಡ.”

ನನ್ನ ಕೈಯಲ್ಲಿನ ಕೋಲು ಮೇಲೆತ್ತಿದ್ದು ಮೇಲೇ ನಿಂತಿತು. ಆ ಕಾರ್ಯಕ್ರಮದಲ್ಲಿ ಯೂರಿಯಾ ಬಂದಿತ್ತು, ಎಂಡ್ರಿನ್ ಬಂದಿತ್ತು, ಕ್ಲಚ್ಚು ಗೇರು ಎಲ್ಲ ಬಂದಿದ್ದವು. ಎತ್ತಿನ ಮಾತು ಒಂದು ದಿನವೂ ಬಂದಿರಲಿಲ್ಲ.

ಗಾಳೆಪ್ಪ ಎತ್ತು ಕಟ್ಟುತ್ತಿದ್ದ ಗೂಟವನ್ನು ನೋಡುತ್ತ ಕೂತಿದ್ದ. ಆಮೇಲೆ ಅವನ ಗಂಟಲಿನಿಂದ ಒಂದು ದನಿ ಬಂತು. ಮೈಕು ತೆರೆದೇ ಇತ್ತು. ಬಿಕ್ಕಿ ಬಿಕ್ಕಿ ಅಳುವುದು ರೇಡಿಯೋದಿಂದ ಮನೆತುಂಬ ಕೇಳಿಸಿತು. ಒಳಗೆ ಯಾರೋ ಇದೇನು ಅಂತ ಕೇಳಿದರು. “ರಾಕ್” ಎಂದರು ಪಂಪಣ್ಣ ಮಾಸ್ತರು ಮೆಲ್ಲಗೆ. “ಹಿಂಗೂ ಇರತೈತಿ.”

ಮಂದಿಯೆಲ್ಲ ಹೋದ ಮೇಲೆ ಗಾಳೆಪ್ಪ ಹಿತ್ತಲಿನಲ್ಲಿ ಮುಖ ತೊಳೆದುಕೊಂಡು, ಸುತ್ತು ಹಾಕಿ ಮುಂದಿನ ಬಾಗಿಲಿನಿಂದ ಒಳಗೆ ಬಂದ. ನಾನು ಅವನ ಹಿಂದೆ ಇದ್ದೆ. ಮುದಕಮ್ಮ ಒಲೆಯ ಹತ್ತಿರ ಕೂತಿದ್ದಳು, ತಲೆ ಎತ್ತಲಿಲ್ಲ.

“ಹುಲಗೀ, ನಿನ್ನ ಗಂಡ ಬಂದ. ಬಿಸಿ ರೊಟ್ಟಿ ಹಾಕು. ಹಂಗ ಅವಗ ಹೇಳು, ಮಂಗಳವಾರದಾಂವ ಇವತ್ತ ಭಾಳ ಛಲೋ ನುಡಿಸಿದ ಅಂತ.”

ಗಾಳೆಪ್ಪ ತಾಟಿನ ಮುಂದೆ ಕೂತ. “ಕೇಳಿದೆ ಅನ್ನು” ಎಂದ.

ಹುಲಗೆಮ್ಮ ಇಬ್ಬರ ನಡುವೆ ಸ್ವಲ್ಪ ಹೊತ್ತು ನಿಂತು, ಯಾರಿಗೂ ಏನೂ ಹೇಳದೆ, ರೊಟ್ಟಿ ಹಾಕಿದಳು.